ಊರು ಅಪ್ಪನಿಗೆ ಹಾಕಿದ ಊಟ

ನನ್ನ ಅಕ್ಷರ ದುಂಡಗಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದಾಗ ಈಗಲೂ ಕೈ ತಡೆಯುತ್ತದೆ. ಮಾತುಗಳೂ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಓದುವವರು ಕ್ಷಮಿಸಬೇಕು. ವಯಸ್ಕರ ಶಾಲೆ ನಡೆಸುವ ನಾಗಲಿಂಗಮ್ಮ ಟೀಚರು, ಊರಿನ ಒಬ್ಬರ ಬಗ್ಗೆ ಬರೆದುಕೊಡಿ, ಗೋಡೆ ಪತ್ರಿಕೆಗೆ ಹಾಕೋಣ ಎಂದರು. ಉಳಿದವರು ಗೌಡರ ಬಗ್ಗೆ, ಪೂಜಾರಿಯ ಬಗ್ಗೆ ಬರೆಯುತ್ತಿದ್ದಾರೆ. ನಾನು ನಮ್ಮಪ್ಪನ ಬಗ್ಗೆ ಬರೆಯುತ್ತೇನೆ. ಸುಳ್ಳು ಬರಬಾರದೆಂದು ಪ್ರತಿ ಸಾಲನ್ನೂ ಮೊದಲು ಪಾಟಿಯ ಮೇಲೆ ಬರೆದು, ಅವ್ವನಿಗೆ ಓದಿ ಹೇಳಿ, ಆಮೇಲೆ ಇಲ್ಲಿ ಇಳಿಸಿದ್ದೇನೆ.

ಅಪ್ಪನ ಹೆಸರು ಎರ್ರೆಪ್ಪ. ಗೌಂಡಿ ಕೆಲಸ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಒಳಗೆ ಬಿದ್ದಿರುವ ನಮ್ಮೂರಿನಲ್ಲಿ ಗೋಡೆ ಏಳಿಸಬೇಕಾದವರು ಅಪ್ಪನನ್ನು ಕರೆಯುತ್ತಾರೆ. ಆದರೆ ಹೊರಗಿನ ಊರುಗಳಲ್ಲಿ ಅಪ್ಪನನ್ನು ಯಾರೂ ಗೌಂಡಿ ಎನ್ನುವುದಿಲ್ಲ. ಕಬಡ್ಡಿ ಎರ್ರೆಪ್ಪ ಎನ್ನುತ್ತಾರೆ. ನಾನು ಹುಟ್ಟುವುದಕ್ಕೆ ಮೊದಲೇ ಅಪ್ಪ ಮತ್ತು ದುರುಗಣ್ಣ ಮಾವ ಸೇರಿ ಕೆರೆಯ ಹಿಂದಿನ ಜಾಲಿ ಕಡಿದು, ನೆಲ ಮಟ್ಟ ಮಾಡಿ, ತಂಡ ಕಟ್ಟಿದರು. ಮುಂದೆ ಮಾವನ ಕೈ ಮುರಿಯಿತು. ಅವನು ಆಟ ಬಿಟ್ಟು ಶೇಂಗಾ ಕೊಳ್ಳುವ ಅಂಗಡಿ ಇಟ್ಟ. ತಂಡಕ್ಕೆ ಮಾತ್ರ ಇಂದಿಗೂ ಅವನೇ ಹಿರಿಯ. ನಮಗೆ ರಕ್ತ ಸಂಬಂಧವಿಲ್ಲ. ಆದರೂ ನಾನು ಮಾವ ಎನ್ನುವುದನ್ನು ಕಲಿತದ್ದು ಅವನನ್ನು ನೋಡಿಯೇ.

ಅಪ್ಪ ಎದುರಾಳಿಯ ಅಂಕಣಕ್ಕೆ ಓಡಿ ಹೋಗುವವನಲ್ಲ. ಬಿದ್ದ ಮೊಳೆ ಹುಡುಕುವವನಂತೆ ನೆಲ ನೋಡುತ್ತಾ, ತುಟಿಯಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ನಿಧಾನವಾಗಿ ಹೋಗುತ್ತಾನೆ. ನೋಡುವವರಿಗೆ ಬೇಸರ ಬರಬೇಕು, ಅಷ್ಟು ನಿಧಾನ. ಅಷ್ಟರಲ್ಲಿ ಕಾಲು ಚಾಚಿ ಯಾರನ್ನೋ ಮುಟ್ಟಿ ಮಧ್ಯದ ಗೆರೆಗೆ ಬಂದಿರುತ್ತಾನೆ. ಹೊಳಲಿನ ಪಂದ್ಯದಲ್ಲಿ ಒಮ್ಮೆ ಏಳೂ ಮಂದಿ ಮೈಮೇಲೆ ಬಿದ್ದಾಗ ಅವರನ್ನು ಎಳೆದುಕೊಂಡೇ ಗೆರೆ ಮುಟ್ಟಿದ್ದನಂತೆ. ಅದನ್ನು ನಾನು ನೋಡಿಲ್ಲ. ಕೇಳಿದ್ದೇನೆ, ಎಷ್ಟೋ ಸಲ.

ಹೋದ ವರ್ಷ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಯನ್ನೂ ಆಡಿ ತೋರಿಸಿದರೆಂದು ರೇಡಿಯೋದಲ್ಲಿ ಬಂತು. ಅಂದಿನಿಂದ ನಮ್ಮ ಕಡೆ ಪಂದ್ಯಗಳು ಹೆಚ್ಚಾದವು. ಹಿರೇಹಡಗಲಿಯ ಪಂದ್ಯದಲ್ಲಿ ಕೊನೆಯ ದಾಳಿಗೆ ಅಪ್ಪ ಹೋದ. ಹಿಡಿದುಬಿಟ್ಟರು. ನಮ್ಮವರು ಸೋತರು. ಊರಲ್ಲಿ ಮಾತು ಹುಟ್ಟಿದ್ದು ಆಗ.

ಆ ಮಾತು ನನ್ನ ಕಿವಿಗೆ ಬಿದ್ದದ್ದು ಬೊಮ್ಮಯ್ಯನ ಹೋಟೆಲಿನಲ್ಲಿ. ಅವ್ವ ಮತ್ತು ನಾನು ಅಲ್ಲಿ ಹಿಂದಿನ ಕೋಣೆಯಲ್ಲಿ ರುಬ್ಬುವ ಕೆಲಸ ಮಾಡುತ್ತೇವೆ. ನಡುವೆ ತಗಡಿನ ತಡಿಕೆ. ಅಂದು ಅವ್ವ ಬಂದಿರಲಿಲ್ಲ. ಕೊಟ್ಟೂರಿನಲ್ಲಿ ಪಂದ್ಯ ನಿಗದಿಯಾಗಿತ್ತು. ಅಪ್ಪನಿಗೆ ವೀಳ್ಯವೂ ಬಂದಿತ್ತು. ನಮ್ಮೂರಿನಲ್ಲಿ ಪಂದ್ಯಕ್ಕೆ ಮುಂಚೆ ಹಿರಿಯರು ಆಟಗಾರರ ಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಬರುತ್ತಾರೆ. ಕೊಟ್ಟ ವೀಳ್ಯವನ್ನು ವಾಪಸು ಪಡೆಯುವ ಪದ್ಧತಿ ಇಲ್ಲ. ಇದೇ ನನ್ನ ಕಡೆಯ ಪಂದ್ಯ, ಇದೊಂದು ಆಡಿ ನಿಲ್ಲಿಸುತ್ತೇನೆ ಎಂದು ಅಪ್ಪ ಮನೆಯಲ್ಲಿ ನಮಗಷ್ಟೇ ಹೇಳಿದ್ದ.

"ಎರ್ರೆಪ್ಪಗ ನಲವತ್ತು ಆದ್ವು. ಮೊಣಕಾಲು ಮಡಚಿದ್ರ ಹಳೀ ಬಾಗಿಲಂಗ ಕಿರ್ ಅಂತೈತಿ," ಎಂದ ಬೊಮ್ಮಯ್ಯ.

ಅಪ್ಪನ ಪಂದ್ಯ ಒಂದನ್ನೂ ತಪ್ಪಿಸದ ಗಾದಿಲಿಂಗಪ್ಪ ತಾತನಿಗೆ ಸಿಟ್ಟು ಬಂತು. "ಒಲಿ ಮುಂದ ಕುಂತಾವ ನೀ ಏನ್ ಮಾತಾಡ್ತಿಯಲೇ ಬೊಮ್ಮ? ಹೊಳಲಿನಾಗ ಏಳು ಮಂದಿನ್ನ ಎಳಕೊಂಡು ಬಂದಾವ ಯಾರು, ನಿಮ್ಮಪ್ಪನಾ?"

"ತಾತಾ, ಅದು ನಾ ಚಡ್ಡಿ ಹಾಕದ ಕಾಲದ ಮಾತು." ಇದು ಪಕ್ಕೀರಪ್ಪನ ದನಿ. ಅಪ್ಪನ ಕೈಯಲ್ಲಿ ಆಟ ಕಲಿತ ಹುಡುಗ. ಈಗ ದಾಳಿಗೆ ಅವನೇ ಮುಂದು.

"ಈಗ ಹಾಕೀಯಲ್ಲ, ಅದನ್ನ ಕೊಡಿಸಿದಾವ್ನೂ ಎರ್ರೆಪ್ಪನ!"

ಎಲ್ಲರೂ ನಕ್ಕರು. ಪಕ್ಕೀರಪ್ಪ ನಗಲಿಲ್ಲ. "ಕೊಡಿಸ್ಯಾನ, ಇಲ್ಲ ಅನ್ನಂಗಿಲ್ಲ. ಆದ್ರ ಹಿರೇಹಡಗಲ್ಯಾಗ ಕಡೀ ದಾಳಿಗೆ ನಾ ಹೊಕ್ಕೀನಿ ಅಂದ್ನಿ. ನೀ ಸುಮ್ನ ನಿಲ್ಲಲೇ ಅಂದ. ಹೋಗಿ ಕುರಿ ಸಿಕ್ಕಂಗ ಸಿಕ್ಕ. ಹಿಂಗಾದ್ರ ನಾವು ಮುಪ್ಪಾದ ಮ್ಯಾಲೆ ದಾಳಿ ಮಾಡಾದಾ?"

"ಹಂಗಾದ್ರ ಹೋಗು, ಯಣ್ಣಾ ನೀ ಇನ್ನ ಸಾಕು ಅಂತ ಅವನ ಮುಂದ ನಿಂತು ಹೇಳು," ಎಂದ ತಾತ.

"ನಾ ಹೆಂಗ ಹೇಳ್ಲಿ? ಕಲಿಸಿದಾವ."

"ಬೊಮ್ಮಯ್ಯ, ನೀ ಹೇಳು," ಎಂದ ತಾತ.

"ಈ ಗೋಡಿ ಅವನ ಕಟ್ಯಾನಪ್ಪ. ನನ್ನಿಂದ ಆಗಾದಿಲ್ಲ."

ಆಗ ದುರುಗಣ್ಣ ಮಾವ ಬಾಯಿ ಬಿಟ್ಟ. "ವೀಳ್ಯೆ ಕೊಟ್ಟಾಗೈತಿ. ಯಾರೂ ಏನೂ ಹೇಳಬ್ಯಾಡ್ರಿ. ಇದಕ್ಕ ನಾನೊಂದು ದಾರಿ ನೋಡ್ತೀನಿ."

"ಮೆಲ್ಲಕ ಮಾತಾಡ್ರಿ, ಒಳಗ ಅವನ ಮಗಳು ಅದಾಳ," ಎಂದ ಬೊಮ್ಮಯ್ಯ. ಮುಂದಿನದು ನನಗೆ ಕೇಳಿಸಲಿಲ್ಲ. ಮಾವ ಇದ್ದಾನಲ್ಲ, ಅಪ್ಪನನ್ನು ಬಿಟ್ಟುಕೊಡುವುದಿಲ್ಲ ಎಂದು ನಾನು ನಿಶ್ಚಿಂತೆಯಿಂದ ರುಬ್ಬತೊಡಗಿದೆ.

ಇಲ್ಲಿ ಒಂದು ವಿಷಯ ತಿಳಿಸಬೇಕು. ಕೊಟ್ಟೂರಿನದು ತೂಕದ ಪಂದ್ಯ. ಅರವತ್ತು ಕೆಜಿಗಿಂತ ಮೇಲಿದ್ದವರನ್ನು ಆಡಿಸುವುದಿಲ್ಲ. ಆಟಕ್ಕೆ ಮುಂಚೆ ಒಬ್ಬೊಬ್ಬರನ್ನೇ ಕಾಟಾದ ಮೇಲೆ, ಅಂದರೆ ಚೀಲ ತೂಗುವ ತಕ್ಕಡಿಯ ಮೇಲೆ, ನಿಲ್ಲಿಸುತ್ತಾರೆ. ಅಪ್ಪ ಯಾವಾಗಲೂ ಅರವತ್ತರ ಅಂಚಿನಲ್ಲಿರುವವನು. ಅದಕ್ಕೇ ಪಂದ್ಯ ಹತ್ತಿರ ಬಂದಾಗ ಅವ್ವ ಅವನಿಗೆ ರೊಟ್ಟಿ ಕಡಿಮೆ ಮಾಡಿ ಮಜ್ಜಿಗೆ ಹೆಚ್ಚು ಕೊಡುತ್ತಾಳೆ.

ಈ ಸಲ ಹಾಗಾಗಲಿಲ್ಲ. ಊರಿನವರು ಅಪ್ಪನನ್ನು ಊಟಕ್ಕೆ ಕರೆಯತೊಡಗಿದರು. ಮೊದಲು ದುರುಗಣ್ಣ ಮಾವನ ಮನೆಯಲ್ಲಿ. ಅವನ ಹೆಂಡತಿ ಹಂಪಕ್ಕ ಹೋಳಿಗೆ ಮಾಡಿದ್ದಳು. "ಇನ್ನೊಂದು ಹಾಕ್ಕೋ ಯಣ್ಣ, ನನ್ನಾಣಿ ಐತಿ," ಎಂದು ತುಪ್ಪ ಸುರಿದಳು. ಮರುದಿನ ಬೊಮ್ಮಯ್ಯನ ಮನೆ. ಆಮೇಲೆ ಪಕ್ಕೀರಪ್ಪನ ಮನೆ, ಅಲ್ಲಿ ಕೋಳಿ. ಹೀಗೆ ಓಣಿ ಓಣಿಯಿಂದ ಕರೆ ಬಂತು. "ನಮ್ಮೂರ ಹುಲಿ, ಬಲಾ ಬರ್ಬೇಕು, ಉಣ್ರಿ," ಎನ್ನುತ್ತಿದ್ದರು. ಅಪ್ಪ ರಾತ್ರಿ ಬಂದು ಗೋಡೆಗೆ ಒರಗಿ ಕೂತು, "ಹಿರೇಹಡಗಲಿದು ಮನಸಿನಾಗ ಇಟಗೊಂಡಿಲ್ಲ ನೋಡು ಮಂದಿ. ಎಷ್ಟು ಜೀವ ಮಾಡ್ತಾರ," ಎಂದು ಅವ್ವನಿಗೆ ಹೇಳುತ್ತಿದ್ದ. ಆಗ ಅವನ ಮುಖ ಹೇಗಿರುತ್ತಿತ್ತೆಂದು ಬರೆಯಲು ನನಗೆ ಬರುವುದಿಲ್ಲ.

ಅವ್ವನಿಗೆ ಭಯ. "ಉಣ್ಣಾದು ಉಣ್ತಿ, ತೂಕ ಏನಾತು?" ಎಂದು ಕೇಳಿದಳು. ಅಪ್ಪ ಮಾವನ ಅಂಗಡಿಗೆ ಹೋಗಿ ಕಾಟಾದ ಮೇಲೆ ನಿಂತು ಬಂದ. ಅಪ್ಪನಿಗೆ ಅದರ ಗೀಟು ಓದಲು ಬರುವುದಿಲ್ಲ. ಮಾವ ಓದಿ ಹೇಳಿದ್ದ. "ಐವತ್ತೊಂಬತ್ತು ಅದೀನಂತ. ಕರದಾರ ಮನಿ ಊಟ ಬಿಡಬ್ಯಾಡ ಅಂದಾನ ದುರುಗ," ಎಂದು ಅಪ್ಪ ನಕ್ಕ. ಎರಡನೆಯ ಸಲ ಹೋದಾಗಲೂ ಅದೇ ಮಾತು ತಂದ. ಅವ್ವನ ಭಯ ಇಳಿಯಿತು.

ಪಂದ್ಯ ನೋಡಲು ಹೆಂಗಸರು ಹೋಗುವುದು ಕಡಿಮೆ. ಕಡೆಯ ಆಟವೆಂದು ಅವ್ವ ಮತ್ತು ನಾನು ಹೋದೆವು. ಕೊಟ್ಟೂರಿನ ಮೈದಾನದಲ್ಲಿ ಪೆಂಡಾಲಿನ ಪಕ್ಕಕ್ಕೆ ಕಾಟಾ ಇಟ್ಟಿದ್ದರು. ಪಕ್ಕೀರಪ್ಪ ಹತ್ತಿದ, ಇಳಿದ. ಅಪ್ಪ ಅಂಗಿ ಕಳೆದು ಹತ್ತಿದ. ತೂಗುವವರು ಗುಂಡು ಸರಿಸಿ, ಬಗ್ಗಿ ನೋಡಿ, "ಅರವತ್ತೊಂದೂ ಮುಕ್ಕಾಲು. ಇಳೀರಿ," ಎಂದರು.

ಅಪ್ಪ ಇಳಿಯಲಿಲ್ಲ. ನಗುತ್ತಲೇ ಹೇಳಿದ, "ಇನ್ನೊಮ್ಮಿ ನೋಡ್ರಿ ಸಾಹೇಬ್ರ. ನಿಮ್ಮ ಕಾಟಾ ಕೆಟ್ಟೈತಿ. ಮೊನ್ನೆ ನಮ್ಮ ದುರುಗನ ಕಾಟಾದಾಗ ಐವತ್ತೊಂಬತ್ತು ಇತ್ತು. ಹೇಳಲೇ ದುರುಗಾ."

ಮಾವ ಬೇರೆ ಕಡೆ ನೋಡಿದ. "ಇಲ್ಲಿ ಇವರ ಕಾಟಾನ ನಡಿಯಾದಪ," ಎಂದ.

ನಮ್ಮ ತಂಡದ ಆಟ ಶುರುವಾಗುವವರೆಗೆ ಅವಕಾಶ ಕೊಟ್ಟರು. ಅಪ್ಪ ಯಾರದೋ ಕಂಬಳಿ ಕೇಳಿ ಹೊದ್ದುಕೊಂಡು ಆ ಬಿಸಿಲಿನಲ್ಲಿ ಮೈದಾನ ಸುತ್ತಿ ಸುತ್ತಿ ಓಡಿದ. ಬೆವರು ಹೋದರೆ ತೂಕ ಇಳಿಯುತ್ತದೆ. ಮೊಣಕಾಲು ನೋಯುವುದು ಅವನ ಓಟದಲ್ಲಿಯೇ ತಿಳಿಯುತ್ತಿತ್ತು. ಬೇರೆ ಊರಿನವರು, "ಅಜ್ಜಾ, ಚಳಿ ಆಗೈತೇನು?" ಎಂದು ಕೂಗಿ ನಕ್ಕರು. ನೀರು ಕೇಳಿ ಪಡೆದು ಬಾಯಿ ಮುಕ್ಕಳಿಸಿ ಉಗುಳಿದ, ನುಂಗಲಿಲ್ಲ. ಮತ್ತೆ ಹತ್ತಿದ. ಅರವತ್ತರ ಮೇಲೆ ಇನ್ನೂ ಒಂದಿಷ್ಟು ಉಳಿದಿತ್ತು. ತೂಗುವವರು ತಲೆ ಆಡಿಸಿದರು.

ನಮ್ಮವರು ಗೆದ್ದರು. ಅದನ್ನೂ ಬರೆಯಬೇಕು, ಏಕೆಂದರೆ ಅದು ನಿಜ. ಪಕ್ಕೀರಪ್ಪ ಬಹಳ ಚೆನ್ನಾಗಿ ಆಡಿದ. ಅಪ್ಪನ ವಯಸ್ಸಿನ ಬಗ್ಗೆ ಹೋಟೆಲಿನಲ್ಲಿ ಆಡಿದ ಮಾತು ಸುಳ್ಳಲ್ಲ ಎಂದು ನನಗೂ ಅನ್ನಿಸಿತು. ನಡುವೆ ಬಿಡುವಿನಲ್ಲಿ ಅಪ್ಪ ಅವನ ಮೀನಖಂಡ ತಿಕ್ಕುತ್ತಾ, ಎದುರಿನವರಲ್ಲಿ ಯಾರ ಕಾಲು ಮುಂದೆ ಬರುತ್ತದೆಂದು ಹೇಳುತ್ತಿದ್ದ. ಪಕ್ಕೀರಪ್ಪ ತಲೆ ತಗ್ಗಿಸಿಕೊಂಡೇ ಕೇಳಿದ. ನಾಚಿಕೆ ಇರಬೇಕು ಎಂದುಕೊಂಡೆ. ಯಾತರ ನಾಚಿಕೆ ಎಂದು ತಿಳಿಯಲಿಲ್ಲ.

ಟ್ರಾಕ್ಟರಿನಲ್ಲಿ ಶೀಲ್ಡು ಹಿಡಿದು ಊರಿಗೆ ಬಂದು ಬೊಮ್ಮಯ್ಯನ ಹೋಟೆಲಿನ ಮುಂದೆ ಇಳಿದೆವು. ಎಲ್ಲರಿಗೂ ಪುಕ್ಕಟೆ ಚಹಾ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಬೊಮ್ಮಯ್ಯ ಖುಷಿಯಲ್ಲಿ ಶೀಲ್ಡು ಮೇಲೆತ್ತಿ, "ಇದನ್ನ ಹಂಪಕ್ಕನ ಅಡಿಗಿಮನ್ಯಾಗ ಇಡ್ರಪೋ! ಆಕಿ ಹೋಳಿಗಿ ಇಲ್ದಿದ್ರ ಎಲ್ಲಿ ಗೆಲ್ತಿದ್ವಿ!" ಎಂದು ಕೂಗಿದ. ನಾಲ್ಕಾರು ಮಂದಿ ಗೊಳ್ಳೆಂದು ನಕ್ಕರು. ಅಪ್ಪ ಅಲ್ಲಿದ್ದಾನೆಂದು ನೆನಪಾಗಿ ಒಬ್ಬೊಬ್ಬರೇ ನಿಲ್ಲಿಸಿದರು.

"ಹೋಳಿಗಿಗೂ ಶೀಲ್ಡಿಗೂ ಏನಲೇ ಸಂಬಂಧ?" ಎಂದು ಅಪ್ಪ ಕೇಳಿದ. ಬೊಮ್ಮಯ್ಯ ಶೀಲ್ಡು ಇಳಿಸಿದ. ಅಪ್ಪ ಗ್ಲಾಸು ಕೆಳಗಿಟ್ಟ. ಆಮೇಲೆ ಮಾವನ ಕಡೆ ತಿರುಗಿದ.

"ದುರುಗಾ, ನಿನ್ನ ಕಾಟಾದಾಗ ನನ್ನ ತೂಕ ಎಷ್ಟು ಬಂದಿತ್ತು?"

"ಅರವತ್ತೊಂದರ ಮ್ಯಾಲೆ."

"ಮತ್ತ ಐವತ್ತೊಂಬತ್ತು ಅಂದಿ."

"ಎಲ್ಲಾರೂ ಕೂಡಿ ಮಾತಾಡಿದ್ವಿ," ಎಂದ ಮಾವ. "ನೀ ಸಾಕು ಅಂತ ನಿನ್ನ ಮಾರಿ ನೋಡಿ ಹೇಳಾಕ ಒಬ್ರಿಗೂ ಬಾಯಿ ಬರ್ಲಿಲ್ಲ. ಕಾಟಾನ ಹೇಳ್ಲಿ ಅಂತ ಬಿಟ್ವಿ. ಮಂದ್ಯಾಗ ನೀ ಮತ್ತ ಸಿಕ್ಕು ಬಿದ್ದು ನಗಿಗೇಡಾಗಾದು ನನಗ ನೋಡಾಕ ಆಗ್ತಿದ್ದಿಲ್ಲ ಎರ್ರೆಪ್ಪ."

"ಕಂಬಳಿ ಹೊದ್ಕೊಂಡು ಓಡಿದ್ನಲ್ಲ," ಎಂದ ಅಪ್ಪ, "ಅದನ್ನ ನೋಡಾಕ ಆತಾ ನಿನಗ?"

ಗಾದಿಲಿಂಗಪ್ಪ ತಾತ ಅಳುತ್ತಿದ್ದ. ಅವನಿಗೂ ಮೊದಲೇ ಗೊತ್ತಿತ್ತಂತೆ. ಅಪ್ಪ ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಮರುದಿನ ನೀರಿಗೆ ಹೋದಾಗ ಹಂಪಕ್ಕ ಸಿಕ್ಕಳು. ನಾನು ಯಾರನ್ನೂ ಏನೂ ಕೇಳುವವಳಲ್ಲ. ಅಂದು ಕೇಳಿದೆ. "ಗಂಡಸರು ಕರದು ಉಣಿಸು ಅಂದ್ರವ್ವ ಪಾಲಮ್ಮ, ಉಣಿಸಿದೆ," ಎಂದಳು. ತುಪ್ಪ ಹಾಕುವಾಗ ಆಣೆ ಇಟ್ಟಿದ್ದೇಕೆ ಎಂದು ಕೇಳಬೇಕೆಂದಿದ್ದೆ. ಕೇಳದೆ ಕೊಡ ಎತ್ತಿಕೊಂಡು ಬಂದೆ.

ಅಪ್ಪನನ್ನು ಅವರು ಬೈದು ಬಿಡಿಸಿದ್ದರೆ ಅಪ್ಪ ನಾಲ್ಕು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದ. ಈಗ ಅವನು ಯಾರ ಮನೆಯಲ್ಲೂ ನೀರು ಕೂಡ ಕುಡಿಯುವುದಿಲ್ಲ. ಕೆಲಸಕ್ಕೆ ಹೋದಲ್ಲಿ ಮನೆಯವರು ರೊಟ್ಟಿ ಕೊಟ್ಟರೆ, ಹಸಿವಿಲ್ಲ ಎನ್ನುತ್ತಾನೆ. ಅವರ ಮನೆಗಳಲ್ಲಿ ಉಂಡ ಒಂದೊಂದು ಊಟವನ್ನೂ ನೆನಪಿಸಿಕೊಂಡು, ಇದು ಪ್ರೀತಿಗೋ ತೂಕ ಏರಿಸುವುದಕ್ಕೋ ಎಂದು ಅವ್ವನನ್ನು ಕೇಳುತ್ತಾನೆ. ಹಳೆಯ ಊಟಗಳನ್ನೂ ಕೇಳುತ್ತಾನೆ. ನನ್ನನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ದುರುಗಣ್ಣ ಮಾವ ಉಣಿಸಿದ್ದನ್ನು ಕೂಡ.

ಮೊನ್ನೆ ಚಿಗಟೇರಿ ತಂಡದವರು ಮನೆಗೆ ಬಂದಿದ್ದರು. ಬರುವ ತಿಂಗಳು ಹರಪನಹಳ್ಳಿಯಲ್ಲಿ ಪಂದ್ಯ. ಅಲ್ಲಿ ತೂಕದ ಲೆಕ್ಕವಿಲ್ಲ. "ನೀವು ನಮ್ ಕಡೆ ಆಡ್ಬೇಕು ಎರ್ರೆಪ್ಪಣ್ಣ. ಕಾಲು ನೋಯ್ತತೆ ಅಂತ ನಮಗೂ ಗೊತ್ತೈತೆ. ನೋವು ಬಂದಾಗ ಕೂತ್ಕಳಿ, ಸಾಕು ಅನ್ನಿಸಿದ್ರೆ ನಾವೇ ಎದುರಿಗೆ ಹೇಳ್ತೀವಿ," ಎಂದರು. ಅಪ್ಪ ಯೋಚಿಸಲು ಒಂದು ದಿನ ಕೇಳಿ ಅವರನ್ನು ಕಳಿಸಿದ.

"ಹರಪನಹಳ್ಳಿಗೆ ನಮ್ಮೂರ ಹುಡುಗ್ರೂ ಬರ್ತಾರ. ಉಪ್ಪು ತಿಂದ ಊರಿಗೆ ಎದುರು ನಿಲ್ಲಾದಾ?" ಎಂದ.

"ಉಪ್ಪು ಹಾಕಿದ್ದು ಯಾತಕ್ಕಂತ ಗೊತ್ತಾತಲ್ಲ," ಎಂದಳು ಅವ್ವ.

ಅಪ್ಪ ನನ್ನ ಕಡೆ ನೋಡಿದ. "ನೀ ಏನಂತಿ ಪಾಲಿ?"

ಇಂಥ ವಿಷಯದಲ್ಲಿ ನನ್ನನ್ನು ಅವನು ಕೇಳಿದ್ದು ಇದೇ ಮೊದಲು. "ಆಡಪ್ಪ," ಎಂದೆ. ದನಿ ಹೊರಗೆ ಬಂತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ.

ಅಪ್ಪ ಚಿಗಟೇರಿಯವರಿಗೆ ಒಪ್ಪಿಗೆ ಹೇಳಿ ಕಳಿಸಿದ್ದಾನೆ. ವಿಷಯ ಊರಿಗೆ ಗೊತ್ತಾಗಿದೆ. ಎರ್ರೆಪ್ಪ ಊರಿಗೆ ಎರಡು ಬಗೆದ ಎಂದು ಬೊಮ್ಮಯ್ಯನ ಹೋಟೆಲಿನಲ್ಲಿ ಮಾತಾಡುತ್ತಿದ್ದಾರೆ. ಈಗ ತಡಿಕೆಯ ಹಿಂದೆ ನಾವಿದ್ದೇವೆಂದು ದನಿ ತಗ್ಗಿಸುವುದೂ ಇಲ್ಲ.

ಅವರು ಓದಲಿ ಎಂದೇ ಇದನ್ನು ಬರೆದೆ. ಹರಪನಹಳ್ಳಿಗೆ ಅವ್ವನ ಜೊತೆ ನಾನೂ ಹೋಗುತ್ತೇನೆ. ಅಲ್ಲಿ ಚಿಗಟೇರಿಯವರ ಕಡೆ ಕೂರುತ್ತೇನೆ.