ಕಸ್ತೂರೆಮ್ಮನವರ ತಾಮ್ರದ ಬಿಲ್ಲೆ

ಜವಳಗೇರಾದ ಬಸ್ ನಿಲ್ದಾಣದ ಎದುರು ಕಸ್ತೂರೆಮ್ಮನವರ ಕಿರಾಣಿ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷಗಳಿಂದ ಅವರೊಬ್ಬರೇ ನಡೆಸುತ್ತಿದ್ದಾರೆ.

ಹೋದ ವರ್ಷ ಊರಿನಲ್ಲಿ ಚಿಲ್ಲರೆ ಸಿಗದಾಯಿತು. ಉಳಿದ ಅಂಗಡಿಯವರು ಎರಡು ರೂಪಾಯಿ ಮರಳಿಸುವ ಬದಲು ಚಾಕಲೇಟು ಕೊಡತೊಡಗಿದರು. ಭತ್ತದ ನಾಟಿಗೆ ಹೋಗುವ ಹೆಂಗಸರು ಫೋನಿನಲ್ಲಿ ದುಡ್ಡು ಕೊಡುವವರಲ್ಲ. ದಿನವಿಡೀ ಕೆಸರಲ್ಲಿ ನಿಂತು ಬಂದವರ ಕೈಗೆ ಚಾಕಲೇಟು ಹಾಕಲು ಕಸ್ತೂರೆಮ್ಮನವರಿಗೆ ಮನಸ್ಸಾಗಲಿಲ್ಲ. ಮನೆಯ ಹಳೆಯ ತಾಮ್ರದ ಹಂಡೆಯನ್ನು ಸಿಂಧನೂರಿಗೆ ಒಯ್ದು, ಪಾತ್ರೆ ರಿಪೇರಿಯ ಉಸ್ಮಾನ್‌ಸಾಬರಿಂದ ನೂರು ಬಿಲ್ಲೆ ಮಾಡಿಸಿ, ಒಂದೊಂದರ ಮೇಲೂ ‘ಕ’ ಎಂದು ಒತ್ತಿಸಿದರು. ಒಂದು ಬಿಲ್ಲೆ ಎಂದರೆ ಎರಡು ರೂಪಾಯಿಯ ಸಾಮಾನು. ಯಾರು ತಂದರೂ ಸರಿ.

ಬಿಲ್ಲೆಗಳು ಹೋಗುತ್ತಿದ್ದವು, ಬರುತ್ತಿದ್ದವು. ಶ್ರಾವಣದಲ್ಲಿ ಮಾತ್ರ ಹೋದವು ಬರಲೇ ಇಲ್ಲ. ಡಬ್ಬಿಯಲ್ಲಿ ಆರು ಉಳಿದವು. ಅವೂ ಮುಗಿದರೆ ಅವರೂ ಚಾಕಲೇಟು ಕೊಡಬೇಕಾಗುತ್ತಿತ್ತು.

ನಾಟಿ ಗುಂಪಿನ ಗದ್ದೆಮ್ಮ ಎಣ್ಣೆಗೆ ಬಂದಾಗ ಅವರು ಕೇಳಿಯೇಬಿಟ್ಟರು.

“ಬಿಲ್ಲಿ ಎಲ್ಲಿ ಇಟ್ಟೀರಿ ಬೇ ಎಲ್ಲಾರೂ?”

“ಕಳಸದಾಗ ಹಾಕೀವ್ರೀ ಅಕ್ಕಾರ. ತಾಮ್ರ ಅಲ್ಲೇನ್ರೀ, ದೇವರಿಗೆ ಶ್ರೇಷ್ಠ.”

“ಅಯ್ಯ ನಮ್ಮವ್ವ! ನಾ ಅಂಗಡಿ ನಡಸಾಕತ್ತೀನೋ, ನಿಮ್ಮ ದೇವರ ಜಗಲಿ ತುಂಬಾಕತ್ತೀನೋ? ತಗೊಂಡು ಬರ್ರಿ.”

“ಪೂಜಿ ಮಾಡಿದ್ದು ಕೊಟ್ಟು ಎಣ್ಣಿ ಒಯ್ಯಾಕ ಬರತೈತೇನ್ರೀ?”

ಕಸ್ತೂರೆಮ್ಮನವರು ಎಣ್ಣೆಯ ಡಬ್ಬಿಯತ್ತ ತಿರುಗಿದರು. ಅವರ ಮನೆಯ ಕಳಸದಲ್ಲಿಯೂ ಒಂದು ಬಿಲ್ಲೆ ಇತ್ತು.

ಮರುದಿನ ಹಂಡೆಯಲ್ಲಿ ಉಳಿದ ತಗಡು ಹಿಡಿದು ಮತ್ತೆ ಸಿಂಧನೂರಿಗೆ ಹೋದರು. ಈ ಸಲ ನಡುವೆ ತೂತು ಹೊಡೆಯಲು ಹೇಳಿದರು.

“ಚಲೋ ಬಿಲ್ಲಿಗೆ ತೂತು ಯಾಕ್ರೀ ಅಮ್ಮಾ? ಏಳಿಗಿ, ಬರ್ಕತ್ ಎಲ್ಲಾ ಸೋರಿ ಹೋದೀತು!” ಎಂದರು ಉಸ್ಮಾನ್‌ಸಾಬ್.

“ತೂತು ಬಿದ್ದದ್ದು ಭಿನ್ನ ಆತು ಚಾಚಾ. ಕಳಸಕ್ಕ ಯಾರೂ ಹಾಕಂಗಿಲ್ಲ. ನೀವು ಹೊಡೀರಿ.”

ಅವರ ಎಣಿಕೆ ತಪ್ಪಲಿಲ್ಲ. ಹೊಸ ಅರವತ್ತು ಬಿಲ್ಲೆ ವಾರ ವಾರವೂ ಮರಳಿದವು. ದೀಪಾವಳಿಯ ಹೊತ್ತಿಗೆ ಒಂದೇ ಒಂದು ಕಡಿಮೆಯಿತ್ತು. ಅದನ್ನು ಗದ್ದೆಮ್ಮನೇ ತೋರಿಸಿದಳು. ಕಂಕುಳಲ್ಲಿದ್ದ ಮೊಮ್ಮಗನ ಉಡದಾರದಲ್ಲಿ ಅದು ತೂಗುತ್ತಿತ್ತು.

“ದಾರ ಪೋಣಸಾಕ ಭಾಳ ಅನುಕೂಲ ಆತ್ರೀ. ದೃಷ್ಟಿ ತಾಗಂಗಿಲ್ಲ.”

ಕಸ್ತೂರೆಮ್ಮನವರು ಬಿದ್ದುಬಿದ್ದು ನಕ್ಕರು. “ಇರಲಿ ಬಿಡು. ಓಣ್ಯಾಗಿನ ಕೂಸುಗಳಿಗೆಲ್ಲ ಹೇಳಬ್ಯಾಡ ಮತ್ತ” ಎಂದು ಎಣ್ಣೆ ಅಳೆದು ಕೊಟ್ಟರು. ಚಿಲ್ಲರೆಗೆ ಇನ್ನೊಂದು ಬಿಲ್ಲೆ ತೆಗೆದು, ಕೂಸಿಗೆ ಸಿಗದಂತೆ ಗದ್ದೆಮ್ಮನ ಮುಷ್ಟಿಯಲ್ಲಿಟ್ಟು ಮಡಚಿದರು.