ಟಿಶ್ಯೂ ಡಬ್ಬಿಯ ನಿಯಮ

ನಮ್ಮ ಮನೆಗೆ ಬಂದರೆ ಗೆಳೆಯರೇ, ನೀವು ಮೊದಲು ಕಾಣುವುದು ಊಟದ ಮೇಜಿನ ಮೇಲಿನ ಟಿಶ್ಯೂ ಡಬ್ಬಿಯನ್ನು. ಯಾರ ಕಣ್ಣಲ್ಲಿ ನೀರು ಕಂಡರೂ ಅದನ್ನು ಅವರತ್ತ ಸರಿಸಿ, "ಅಳ್ಬೇಡ, ಸ್ವಲ್ಪ ನೀರು ಕುಡಿ" ಎನ್ನುವುದೇ ನನಗೆ ಗೊತ್ತಿರುವ ಒಟ್ಟು ಮನಶ್ಶಾಸ್ತ್ರ.

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿರುವ ನನ್ನ ತಂಗಿ ವಸುಧಾ, ಗಂಡ ತೀರಿಕೊಂಡ ಮೇಲೆ ಯಾರೆದುರೂ ಅತ್ತವಳಲ್ಲ. ಗಟ್ಟಿಗಿತ್ತಿ ಎಂದು ಸಬರ್ಬಿನ ಆಂಟಿಯರೆಲ್ಲ ಹೊಗಳಿದರು. ನನಗೆ ಮಾತ್ರ ಆ ಒಣ ಕಣ್ಣುಗಳನ್ನು ಕಂಡರೆ ಭಯ. ಅಂಥವಳು ಅಪರಿಚಿತರೊಡನೆ ದುಂಡಗೆ ಕೂತು ಮನಸ್ಸನ್ನು 'ಬೆಳೆಸಿಕೊಳ್ಳುವ' ಗುಂಪೊಂದನ್ನು ಸೇರಿದ್ದಾಳೆಂದು ತಿಳಿದಾಗ, ಸಿಡ್ನಿಯಲ್ಲಿದ್ದ ನನ್ನ ಅನುಮಾನದ ಮೂಗು ಚುರುಕಾಯಿತು.

"ಅಕ್ಕ, ಈ ಸಲ ಫ್ಯಾಮಿಲಿನೂ ಕರ್ಕೊಂಡ್ ಬರ್ಬಹುದಂತೆ. ಫ್ಲೈಟ್ ಬುಕ್ ಮಾಡು. ನೋಡಿದ್ಮೇಲೆ ಬೇಕಾದ್ರೆ ಬೈ" ಎಂದಳು.

ಇಂಥ ಗುಂಪುಗಳ ಬಗ್ಗೆ ಒಂದಿಷ್ಟು ಓದಿಕೊಂಡೇ ಹೋದೆ. ಹಿಂದೆ ಕ್ಷಯರೋಗಿಗಳನ್ನು ಒಟ್ಟಿಗೆ ಕೂರಿಸಿ ಧೈರ್ಯ ಹೇಳಿದ ವೈದ್ಯರಿದ್ದರಂತೆ. ಯುದ್ಧಕಾಲದಲ್ಲಿ ಮನನೊಂದ ಸೈನಿಕರು ಹೆಚ್ಚಿ, ವೈದ್ಯರು ಸಾಲದಾದಾಗ ಗುಂಪುಚಿಕಿತ್ಸೆಗೆ ಬಲ ಬಂತಂತೆ. ಆಮೇಲೆ ರೋಗವಿಲ್ಲದವರೂ ಬೆಳೆಯುತ್ತೇವೆಂದು ಬಂದು ಕೂತರಂತೆ. ನನಗೆ ಸಂಶಯ ಹುಟ್ಟಿದ್ದು ಇಲ್ಲಿಯೇ. ಮನಸ್ಸೇನು ಕುಂಬಳಬಳ್ಳಿಯೇ, ಎಲ್ಲರೂ ಸೇರಿ ನೀರೆರೆಯಲು? ಅಲ್ಲದೆ ಪಾಯಿಂಟ್ ಕುಕ್‌ನಲ್ಲಿ ಆಡಿದ ಮಾತು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿರುವ ನನ್ನ ಆಫೀಸಿಗೆ ವಿಮಾನಕ್ಕಿಂತ ಮೊದಲೇ ತಲುಪುತ್ತದೆ. ಸಂಸಾರ ಗುಟ್ಟು, ವ್ಯಾಧಿ ರಟ್ಟು ಎಂದ ನಮ್ಮ ಹಿರಿಯರು, ದುಃಖ ಇವೆರಡರಲ್ಲಿ ಯಾವುದೆಂದು ಹೇಳದೆ ಹೋದರು.

ಗುಂಪು ಸೇರುವ ಕೋಣೆಗೆ ಹೋದರೆ, ದುಂಡಗಿಟ್ಟ ಕುರ್ಚಿಗಳ ನಡುವೆ ನೆಲದ ಮೇಲೆ ನಮ್ಮ ಮನೆಯಂಥದೇ ಟಿಶ್ಯೂ ಡಬ್ಬಿ! ಆದರೆ ಗುಂಪು ನಡೆಸುವ ಹೆಂಗಸು ಮೊದಲೇ ನಿಯಮ ಹೇಳಿದಳು: ಅಳುವವರಿಗೆ ಯಾರೂ ಟಿಶ್ಯೂ ಕೊಡಕೂಡದು, ಬೇಕೆನಿಸಿದರೆ ಅವರೇ ತೆಗೆದುಕೊಳ್ಳಲಿ. ಎಂಥ ಕಲ್ಲುಹೃದಯ ಎಂದುಕೊಂಡೆ. ಅವಳ ನಯವಾದ ನಗೆಯೂ ನನಗೆ ಹಿಡಿಸಲಿಲ್ಲ.

ವಸುಧಾ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಗಂಡನ ಲಂಚ್ ಬಾಕ್ಸ್ ಇನ್ನೂ ಆಫೀಸಿನಿಂದ ತಂದಿಲ್ಲ ಎನ್ನುವಷ್ಟರಲ್ಲಿ ಮಾತು ಕನ್ನಡಕ್ಕೆ ಹೊರಳಿ, ಅಳು ಒಡೆದು ಬಂತು. ಅಲ್ಲಿ ಅವಳ ಕನ್ನಡ ತಿಳಿಯುವವಳು ನಾನೊಬ್ಬಳೇ. ನಿಯಮ ಹಾಳಾಗಲಿ ಎಂದು ಎದ್ದು ಡಬ್ಬಿಯನ್ನು ಅವಳ ಮುಂದೆ ಹಿಡಿದೆ.

ಅವಳು ಅದನ್ನು ಮೆಲ್ಲನೆ ನನ್ನತ್ತಲೇ ತಳ್ಳಿದಳು. "ಇರು ಅಕ್ಕ, ಇನ್ನೂ ಮುಗ್ದಿಲ್ಲ."

ಆ ಗುಂಪುಗಳ ಮೇಲೆ ನನಗೆ ಇಂದಿಗೂ ಪೂರ್ತಿ ನಂಬಿಕೆಯಿಲ್ಲ, ಆ ಹೆಂಗಸಿನ ನಗೆಯ ಮೇಲಂತೂ ಇಲ್ಲವೇ ಇಲ್ಲ. ಆದರೆ ಅಂದು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಮುಗಿಸುವವರೆಗೂ ತಂಗಿಯ ಪಕ್ಕದಲ್ಲಿ ಕೂತೆ. ನನ್ನ ಕೆನ್ನೆಯೂ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.