ನೂಲು ಮುಟ್ಟುವ ಕೆಲಸ

ಫೈಸಲಾಬಾದಿನ ನಮ್ಮ ಶಾಖೆಯಲ್ಲಿ ನಿಯಾಮತ್ ಅಲಿ ಚಾಚಾರ ಕೆಲಸವೇನೆಂದು ಯಾರಾದರೂ ಕೇಳಿದರೆ, ನೂಲು ಮುಟ್ಟುವುದು ಎಂದು ನಾವು ನಗುತ್ತಿದ್ದೆವು. ಅದೇನೂ ಸುಳ್ಳಲ್ಲ. ನಮ್ಮ ಬ್ಯಾಂಕು ಬಡ್ಡಿಗೆ ಹಣ ಕೊಡುವುದಿಲ್ಲ. ನೇಕಾರನಿಗೆ ಬೇಕಾದ ನೂಲನ್ನು ತಾನೇ ಕೊಂಡು, ಲಾಭವಿಟ್ಟು ಅವನಿಗೆ ಮಾರುತ್ತದೆ. ಮಾಲು ನೇಕಾರನ ಶೆಡ್ಡಿನಲ್ಲೇ ಇಳಿದರೂ ಮಾರುವವರೆಗೆ ಅದು ಬ್ಯಾಂಕಿನ ವಶದಲ್ಲಿರಬೇಕು. ಚಾಚಾ ಹೋಗಿ ಮೂಟೆಗಳನ್ನು ಮುಟ್ಟಿ ನೋಡಿ ‘ಮಾರಿದೆ’ ಎನ್ನಬೇಕು, ನೇಕಾರ ‘ಕೊಂಡೆ’ ಎನ್ನಬೇಕು. ಅಲ್ಲಿಯವರೆಗೆ ಒಂದು ಎಳೆಯೂ ಮಗ್ಗಕ್ಕೆ ಏರುವಂತಿಲ್ಲ. ಏರಿದರೆ ಆ ಲಾಭ ಬ್ಯಾಂಕಿಗೆ ಹರಾಮು, ಧರ್ಮಕ್ಕೆ ಕೊಟ್ಟುಬಿಡಬೇಕು.

ಧೂಳಿನ ಗೋದಾಮುಗಳನ್ನು ಹತ್ತಿಳಿದು ಚಾಚಾರ ಮಂಡಿಗಳು ಸವೆದಿದ್ದವು. ಊರೆಲ್ಲ ಅವರನ್ನು ಸುತ್ತಿಸುವುದು ನನ್ನ ಮೋಟಾರ್ ಸೈಕಲ್ಲೇ. ಆ ವರ್ಷ ಶಾಖೆಯೊಳಗೆ ಕೂತು ಕಾಗದ ನೋಡುವ ಹುದ್ದೆ ಖಾಲಿಯಾಯಿತು. ಮ್ಯಾನೇಜರ್ ವಿರ್ಕ್ ಸಾಹೇಬರು ಶಿಫಾರಸು ಮಾಡಿದರೆ ಮುಗಿಯಿತು. ಚಾಚಾರಿಗೆ ಬಡ್ತಿ ಬೇಡ, ಸನ್ಮಾನ ಬೇಡ, ಆ ಕುರ್ಚಿಯೊಂದು ಬೇಕಿತ್ತು.

ಆಗಲೇ ತುಫೈಲನ ಪ್ರಕರಣ ನಡೆದದ್ದು. ನಮ್ಮೂರಿನದೇ ಬಡಾವಣೆ ಗುಲಾಮ್ ಮೊಹಮ್ಮದಾಬಾದಿನಲ್ಲಿ ಅವನದೊಂದು ಮಗ್ಗದ ಶೆಡ್ಡು. ಬೆಳಿಗ್ಗೆ ಬರುತ್ತೇವೆಂದು ಹೇಳಿದ್ದೆವು. ಅದಕ್ಕೂ ಮೊದಲು ಹೋದ ಇನ್ನೊಬ್ಬ ನೇಕಾರನ ಗೋದಾಮಿನಲ್ಲಿ ಮೂಟೆಗಳಿದ್ದದ್ದು ಮೇಲಿನ ಮಾಳಿಗೆಯಲ್ಲಿ. ಚಾಚಾ ಮೆಟ್ಟಿಲಿಗೊಮ್ಮೆ ನಿಂತು ಹತ್ತಿ ಇಳಿಯುವಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತು ಕಳೆದಿತ್ತು. ತುಫೈಲನ ಗಲ್ಲಿ ಹೊಕ್ಕಾಗ ಮಗ್ಗಗಳ ಸದ್ದು ಕೇಳಿಸಿತು. ಚಾಚಾ ಹಿಂದೆ ಕೂತಲ್ಲೇ ಹಣೆ ಚಚ್ಚಿಕೊಂಡರು.

“ಏನಯ್ಯಾ ತುಫೈಲ್, ನಂಗೆ ಕಾಯೋಕಾಗ್ಲಿಲ್ವಾ?”

“ಕಾದೆ ಚಾಚಾ! ಬೆಳಿಗ್ಗೆಯಿಂದ ಕರೆಂಟಿರ್ಲಿಲ್ಲ, ನೀವೂ ಇರ್ಲಿಲ್ಲ. ಕರೆಂಟ್ ಬಂತು, ನೀವು ಬರ್ಲಿಲ್ಲ. ಆಳುಗಳು ಸುಮ್ನೆ ಕೂತ್ರೆ ಕೂಲಿ ನಿಮ್ಮ ಬ್ಯಾಂಕ್ ಕೊಡುತ್ತಾ?”

ಅರ್ಧ ನೂಲು ಆಗಲೇ ಬಟ್ಟೆಯಾಗಿತ್ತು. ಚಾಚಾ ವಿರ್ಕ್ ಸಾಹೇಬರಿಗೆ ಫೋನ್ ಮಾಡಿದರು.

“ಉಳಿದಿದ್ದನ್ನ ಮುಟ್ಟಿ, ಎಲ್ಲಾ ಮುಟ್ಟಿದೆ ಅಂತ ಬರೀರಿ ಮಾರಾಯ್ರೇ. ಕುರ್ಚಿ ಬೇಕೋ ಬೇಡ್ವೋ?” ಅವರ ದನಿ ನನಗೂ ಕೇಳುತ್ತಿತ್ತು.

“ಬಟ್ಟೆನ ನೂಲು ಅಂತ ಹೆಂಗೆ ಮಾರ್ಲಿ ಸಾಹೇಬ್ರೇ?” ಎಂದು ಚಾಚಾ ಫೋನ್ ಇಟ್ಟರು. ಉಳಿದ ಮೂಟೆಗಳನ್ನಷ್ಟೇ ಮುಟ್ಟಿ ಮಾರಿದರು.

ಹೊರಗೆ ಲಸ್ಸಿ ಅಂಗಡಿಯ ಬೆಂಚಿನ ಮೇಲೆ ಕೂತು ವರದಿ ಬರೆಯುವಾಗ ಒಂದು ಕಡೆ ಚಾಚಾರ ಪೆನ್ನು ನಿಂತಿತು. ತಪ್ಪು ಯಾರದು ಎಂದು ಬರೆಯಬೇಕಿತ್ತು.

“ಅವನದೇ ಅಂತ ಬರೀರಿ ಚಾಚಾ. ನಿಜ ತಾನೇ?” ಎಂದೆ.

“ಹಾಗಂತ ಬರೆದ್ರೆ ಅವನಿಗೆ ಇನ್ಮೇಲೆ ನೂಲು ಸಿಗಲ್ಲ. ನಾನು ಹೊತ್ತಿಗೆ ಬಂದಿದ್ರೆ ಅವನು ಯಾಕೆ ಶುರು ಮಾಡ್ತಿದ್ದ?”

“ನಿಮ್ಮದು ಅಂತ ಬರೆದ್ರೆ ಕುರ್ಚಿ ಹೋಯ್ತು.”

“ಗೊತ್ತು ಕಣೋ. ನಂಗೇನು ಆಸೆ ಇಲ್ವಾ? ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡೋಕೇ ಹೆದರಿಕೆ ಆಗುತ್ತೆ. ಸಾಕಾಗಿದೆ.” ಹೀಗೆಂದು, ‘ನಾನು ತಡವಾಗಿ ಹೋದದ್ದರಿಂದ’ ಎಂದು ಬರೆದು ಸಹಿ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು?

ಅರ್ಧ ಲಾಭ ಧರ್ಮದ ಆಸ್ಪತ್ರೆಗೆ ಹೋಯಿತು. ಕುರ್ಚಿ ವಿರ್ಕ್ ಸಾಹೇಬರ ಮೆಚ್ಚಿನ ಹುಡುಗನೊಬ್ಬನಿಗೆ ಹೋಯಿತು. ಚಾಚಾರ ಪಾಲಿಗೆ ಮತ್ತೆ ಗೋದಾಮುಗಳೇ ಉಳಿದವು. ವರದಿಯಲ್ಲಿ ಏನಿತ್ತೆಂದು ತುಫೈಲನಿಗೆ ಹೇಳಿದವನು ನಾನೇ. ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ.

ಮುಂದಿನ ಸಲ ಅವನಲ್ಲಿಗೆ ಹೋದಾಗ ಇನ್ನೂ ತಡವಾಗಿತ್ತು. ಗಲ್ಲಿಯ ಅಂಗಡಿಗಳಲ್ಲೆಲ್ಲ ಫ್ಯಾನುಗಳು ತಿರುಗುತ್ತಿದ್ದವು, ಕರೆಂಟಿತ್ತು. ತುಫೈಲನ ಶೆಡ್ಡು ಮಾತ್ರ ಸುಮ್ಮನಿತ್ತು. ಬಾಗಿಲಲ್ಲಿ ಕೂತ ಆಳುಗಳು ನಮ್ಮನ್ನು ಕಂಡು ಗೊಣಗುತ್ತ ಎದ್ದರು.

ಚಾಚಾ ಒಂದು ಕಾಲು ಎತ್ತಿ ಇಳಿಯಲು ಹವಣಿಸಿದರು. ಕಾಲು ಏಳಲಿಲ್ಲ.

ತುಫೈಲ ಓಡಿಬಂದು ಅವರ ಭುಜ ಒತ್ತಿದ. “ಇಳೀಬೇಡಿ ಚಾಚಾ, ಕೂತಿರಿ. ಏಯ್, ಮೂಟೆ ತನ್ರೋ ಹೊರಗೆ!”

ಆಳುಗಳು ಮೂಟೆಗಳನ್ನು ಒಂದೊಂದಾಗಿ ಹೊತ್ತು ತಂದು ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ ಹಿಡಿದರು. ಚಾಚಾ ಕೂತಲ್ಲಿಂದಲೇ ಪ್ರತಿಯೊಂದರ ಮೇಲೂ ಕೈಯಿಟ್ಟರು. ಕೊನೆಯ ಮೂಟೆ ಬಂದಾಗ ‘ಮಾರಿದೆ’ ಎನ್ನಬೇಕಿದ್ದವರು ತುಫೈಲನ ಮುಖ ನೋಡುತ್ತ ಕೈಯನ್ನು ಅದರ ಮೇಲೇ ಇಟ್ಟುಕೊಂಡರು. ಆ ಒಂದು ಮಾತಿಗಾಗಿ ಮಗ್ಗಗಳನ್ನು ನಿಲ್ಲಿಸಿಕೊಂಡೇ ತುಫೈಲ ಕಾದ.